ಮಷೀನ್‌ನಲ್ಲಿ ಒಗೆದ ಕಪ್ಪು ಬಟ್ಟೆ ತುಂಬಾ ಬಿಳಿ ಜುಂಗು ಅಂಟುತ್ತೆ, ಏನು ಮಾಡಬೇಕು?

ನೀವು ಕೇಳಿರೋದು ಇಷ್ಟು: 7 ಕೆ.ಜಿ. ಟಾಪ್ ಲೋಡ್ ಮಷೀನ್, ಮನೆಗೆ ಬೋರ್‌ವೆಲ್ ನೀರು, ಆಫೀಸಿನ ಕಪ್ಪು ಪ್ಯಾಂಟು ಮತ್ತು ಮಗಳ ನೇವಿ ಬ್ಲೂ ಯೂನಿಫಾರ್ಮ್ ಮೇಲೆ ಪ್ರತಿ ಸಲವೂ ಬಿಳಿ ಜುಂಗು. ಪೌಡರ್ ಬದಲಾಯಿಸಿ ನೋಡಿದ್ದೀರಿ, ಪ್ರಯೋಜನ ಆಗಿಲ್ಲ. ಆಗೋದೂ ಇಲ್ಲ. ಜುಂಗು ಹುಟ್ಟೋದು ಜೊತೆಗೆ ಬಿದ್ದ ಟವೆಲ್, ಬೆಡ್‌ಶೀಟ್, ಬನಿಯನ್‌ಗಳಲ್ಲಿ. ಅದು ಕಪ್ಪು ಬಟ್ಟೆ ಮೇಲೆ ಬಂದು ಕೂರೋದು ನೀರು ಸಾಕಾಗದೆ. ಯಾವ ಬಟ್ಟೆಯನ್ನ ಯಾವುದರ ಜೊತೆ, ಯಾವುದಾದ ಮೇಲೆ, ಎಷ್ಟು ನೀರಲ್ಲಿ ಒಗೆಯುತ್ತೀರಿ ಅನ್ನೋದು ಸರಿಹೋದರೆ ಮುಕ್ಕಾಲು ಪಾಲು ಕೆಲಸ ಮುಗಿದಂತೆ. ಉಳಿದದ್ದು ಫಿಲ್ಟರ್ ವಿಚಾರ.

ಆದರೆ ಮೊದಲು ಅದು ನಿಜವಾಗಿ ಜುಂಗೇ ಹೌದಾ ಅಂತ ನೋಡಿಕೊಳ್ಳಿ. ಕಪ್ಪು ಬಟ್ಟೆ ಮೇಲೆ ಬೆಳ್ಳಗೆ ಕಾಣೋದೆಲ್ಲ ಒಂದೇ ಅಲ್ಲ, ಮದ್ದೂ ಒಂದೇ ಅಲ್ಲ. ಬಟ್ಟೆ ಪೂರ್ತಿ ಒಣಗಿದ ಮೇಲೆ ಕಿಟಕಿ ಬೆಳಕಿಗೆ ಹಿಡಿದು ಉಗುರಿನಿಂದ ಒಂದು ಚುಕ್ಕೆ ಕಿತ್ತು ನೋಡಿ. ಸಣ್ಣ ಎಳೆ ಬಿಡಿಯಾಗಿ ಕೈಗೆ ಬಂದರೆ ಅದು ಜುಂಗು. ಬೆರಳಿಗೆ ಹಿಟ್ಟಿನಂತೆ ಹತ್ತಿದರೆ ಅದು ಕರಗದೆ ಉಳಿದ ಪೌಡರ್ ಅಥವಾ ಗಡಸು ನೀರಿನ ಸುಣ್ಣ. ಎಳೆದರೂ ಬಿಡದೆ ಬಟ್ಟೆಗೇ ಕಚ್ಚಿಕೊಂಡ ಗುಂಡು ಗುಂಡು ಕಾಳಾದರೆ ಬಟ್ಟೆಯದೇ ನೂಲು ಸವೆದು ಗಂಟಾಗಿದೆ ಅಂತ ಅರ್ಥ. ಅದನ್ನ ಒಗೆದು ತೆಗೆಯೋಕೆ ಆಗಲ್ಲ. ಬೂದು ಬಣ್ಣದ, ಮುಟ್ಟಿದರೆ ಮೇಣದಂತೆ ಜಾರುವ ಚೂರಾದರೆ ಡ್ರಮ್ಮಿನ ಹೊರಮೈಯಲ್ಲಿ ಗಟ್ಟಿಯಾಗಿದ್ದ ಸೋಪಿನ ಜಿಡ್ಡು ಕಳಚಿ ಬಂದಿದೆ. ಇನ್ನು ಜೀನ್ಸಿನ ಮಂಡಿ, ಹೊಲಿಗೆ ಅಂಚು, ಕಾಲರ್ ಇಲ್ಲೆಲ್ಲ ಬಿಳಿಚಿಕೊಂಡಂತೆ ಕಂಡು ಕೈಗೆ ಏನೂ ಸಿಗದಿದ್ದರೆ ಅಲ್ಲಿ ಬಣ್ಣ ಹಾಕಿದ ಮೇಲ್ಪದರವೇ ಉಜ್ಜಿ ಹೋಗಿದೆ. ಅದಕ್ಕೆ ಜುಂಗು ತೆಗೆಯುವ ಅಂಟಿನ ರೋಲರ್ ಎಷ್ಟು ಉರುಳಿಸಿದರೂ ದಂಡ.

ಹಿಟ್ಟಿನಂಥದ್ದು ಅಂತ ಅನುಮಾನ ಬಂದರೆ ಅದರ ಮೇಲೆ ಎರಡು ಹನಿ ಬಿಳಿ ವಿನೆಗರ್ ಬಿಡಿ. ಸುಣ್ಣವಾದರೆ ಸಣ್ಣಗೆ ನೊರೆ ಎದ್ದು ಕರಗಿ ಹೋಗುತ್ತೆ. ಪೌಡರಿನಲ್ಲಿ ವಾಷಿಂಗ್ ಸೋಡಾ ಇರುತ್ತೆ, ಬೋರ್‌ವೆಲ್ ನೀರಲ್ಲಿ ಕ್ಯಾಲ್ಸಿಯಂ ಇರುತ್ತೆ; ಎರಡೂ ಸೇರಿದರೆ ಆಗೋದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದಕಲ್ಲಿನ ಪುಡಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಸಿಗದಿದ್ದರೆ 600ರ ತನಕ ಒಪ್ಪಬಹುದು. ನಿಮ್ಮ ನೀರು ಈ ಎರಡರ ಮಧ್ಯೆ ಎಲ್ಲೋ ಇದ್ದರೂ ಕಪ್ಪು ಬಟ್ಟೆಗೆ ಪೌಡರ್ ಬಿಟ್ಟು ಲಿಕ್ವಿಡ್ ಬಳಸಿ. ಲಿಕ್ವಿಡ್‌ನಿಂದ ಜುಂಗು ಕಡಿಮೆ ಆಗಲ್ಲ, ಆದರೆ ಜುಂಗನ್ನ ಬಟ್ಟೆಗೆ ಅಂಟಿಸುವ ಈ ಸುಣ್ಣದ ಪದರ ಕಡಿಮೆಯಾಗುತ್ತೆ. ಅರ್ಧ ಲೋಡ್‌ಗೆ 30ರಿಂದ 40 ಮಿ.ಲೀ. ಸಾಕು. ಬಾರ್ ಸೋಪು ತಿಕ್ಕಿ ಆಮೇಲೆ ಮಷೀನಿಗೆ ಹಾಕೋ ಅಭ್ಯಾಸ ಇದ್ದರೆ ಕಪ್ಪು ಬಟ್ಟೆ ಮಟ್ಟಿಗೆ ಬಿಟ್ಟುಬಿಡಿ. ಸೋಪು ಗಡಸು ನೀರಲ್ಲಿ ಒಡೆದು ಜಿಡ್ಡಾಗುತ್ತೆ, ಎಳೆಗಳು ಅಂಟಿಕೊಳ್ಳೋಕೆ ಅದಕ್ಕಿಂತ ಒಳ್ಳೆ ಗೋಂದು ಬೇಕಿಲ್ಲ.

ಈಗ ಅಸಲು ವಿಷಯ. ಬಟ್ಟೆಗಳಲ್ಲಿ ಜುಂಗು ಬಿಡುವವು ಕೆಲವು, ಜುಂಗು ಹಿಡಿಯುವವು ಕೆಲವು. ಟರ್ಕಿ ಟವೆಲ್, ಹೊಸ ಕಾಟನ್ ಬೆಡ್‌ಶೀಟ್, ಫ್ಲಾನೆಲ್, ಉಣ್ಣೆಯಂಥ ಹೊದಿಕೆ, ಕಾಲೊರಸು, ಹಳೇ ಬನಿಯನ್ ಇವೆಲ್ಲ ಬಿಡುವ ಜಾತಿ. ಪಾಲಿಯೆಸ್ಟರ್ ಮಿಶ್ರಣದ ಪ್ಯಾಂಟು, ಲೆಗಿಂಗ್ಸ್, ವಿಸ್ಕೋಸ್ ಕುರ್ತಾ, ಕಾರ್ಡುರಾಯ್, ವೆಲ್ವೆಟ್ ಹಿಡಿಯುವ ಜಾತಿ. ಶಾಲೆ ಯೂನಿಫಾರ್ಮ್ ಸಾಮಾನ್ಯವಾಗಿ ಪಾಲಿಯೆಸ್ಟರ್ ಮಿಶ್ರಣ, ಆದ್ದರಿಂದ ಎರಡನೇ ಗುಂಪಿನಲ್ಲಿ ಮೊದಲ ಸಾಲು. ಟವೆಲ್ ಮಾಡುವಾಗ ನೂಲನ್ನ ಸಡಿಲವಾಗಿ ಹೊಸೆದು ಕುಣಿಕೆ ಕುಣಿಕೆಯಾಗಿ ಬಿಟ್ಟಿರುತ್ತಾರೆ, ನೀರು ಹೀರಲಿ ಅಂತ. ಹಾಗೆ ಸಡಿಲ ಇರುವ ನೂಲಿನಲ್ಲಿ ಗಿಡ್ಡ ಎಳೆಗಳಿಗೆ ಹಿಡಿತವೇ ಇರಲ್ಲ, ನೀರಲ್ಲಿ ಹೊರಳಿದರೆ ಉದುರುತ್ತವೆ. ಹೊಸ ಟವೆಲ್ಲನ್ನ ಮೊದಲ ಮೂರು ನಾಲ್ಕು ಸಲ ಒಂದೇ ಒಗೆಯಿರಿ, ಜೊತೆಗೆ ಏನನ್ನೂ ಹಾಕಬೇಡಿ. ಆಮೇಲೂ ಅದು ಬಿಡುತ್ತೆ, ಆದರೆ ಅಷ್ಟಿಲ್ಲ.

ಬಣ್ಣದ ಲೆಕ್ಕದಲ್ಲಿ ಬಟ್ಟೆ ಬೇರ್ಪಡಿಸೋದು ಎಲ್ಲರಿಗೂ ಗೊತ್ತು. ಇಲ್ಲಿ ಅದು ಸಾಲದು. ಕಡುನೀಲಿ ಟವೆಲ್ಲನ್ನ ಕಪ್ಪು ಪ್ಯಾಂಟಿನ ಜೊತೆ ಹಾಕಿದರೂ ಪ್ಯಾಂಟಿನ ತುಂಬಾ ನೀಲಿ ಎಳೆ. ಹಾಗಾಗಿ ಟವೆಲ್ಲಿಗೆ ಯಾವ ಬಣ್ಣವಿದ್ದರೂ ಟವೆಲ್ ಸಾಲೇ ಬೇರೆ.

ಸರದಿಯೂ ಅಷ್ಟೇ ಮುಖ್ಯ, ಇದನ್ನ ಯಾರೂ ಹೇಳಲ್ಲ. ಒಂದೇ ದಿನ ಎರಡು ಮೂರು ಲೋಡ್ ಒಗೆಯುವವರು ಬಿಳಿ ಬಟ್ಟೆ ಮೊದಲು, ಕಪ್ಪು ಕೊನೆಗೆ ಹಾಕ್ತಾರೆ, ಬಣ್ಣ ಬಿಟ್ಟರೆ ಅಂತ ಭಯ. ಆದರೆ ಪ್ರತಿ ಲೋಡ್‌ಗೂ ಹೊಸ ನೀರು ತುಂಬುವ ಮಷೀನಿನಲ್ಲಿ ಆ ಭಯಕ್ಕೆ ಕಾರಣ ಕಡಿಮೆ. ಹೊಸ ಬಟ್ಟೆ ಬಿಟ್ಟು, ನಾಲ್ಕಾರು ಸಲ ಒಗೆದ ಕಪ್ಪು ಬಟ್ಟೆಯನ್ನ ಮೊದಲು ಹಾಕಿ, ಟವೆಲ್ ಮತ್ತು ಬೆಡ್‌ಶೀಟ್ ಕೊನೆಗೆ. ಟವೆಲ್ ಲೋಡ್ ಆದ ಮೇಲೆ ಫಿಲ್ಟರ್ ತೊಳೆದು, ಡ್ರಮ್ಮಿನ ಒಳಮೈಯನ್ನ ಒದ್ದೆ ಬಟ್ಟೆಯಲ್ಲಿ ಒಂದು ಸುತ್ತು ಒರೆಸಿ. ಸೆಮಿ ಆಟೊಮ್ಯಾಟಿಕ್ ಇಟ್ಟುಕೊಂಡವರು ಇನ್ನೂ ಎಚ್ಚರ ವಹಿಸಬೇಕು. ಅವರಲ್ಲಿ ಬಹಳ ಮಂದಿ ನೀರು ಉಳಿಸೋಕೆ ಒಂದೇ ಸೋಪಿನ ನೀರಲ್ಲಿ ಬಿಳಿಯದು, ಬಣ್ಣದ್ದು, ಕಡೆಗೆ ಕಪ್ಪು ಪ್ಯಾಂಟು ಮತ್ತು ಕಾಲೊರಸು ಒಗೆಯುತ್ತಾರೆ. ಕಪ್ಪು ಪ್ಯಾಂಟಿನ ಪಾಲಿಗೆ ಬರೋದು ಮನೆಮಂದಿಯ ಟವೆಲ್ಲುಗಳೆಲ್ಲ ಉದುರಿಸಿಟ್ಟ ನೀರು. ಅದೇ ನೀರು ಬಳಸಲೇಬೇಕು ಅಂದರೆ ಟವೆಲ್ಲನ್ನ ಕಪ್ಪು ಬಟ್ಟೆಯಾದ ಮೇಲೆ ಹಾಕಿ; ತಿಳಿಬಣ್ಣದ ಟವೆಲ್ ಇದ್ದರೆ ಅದಕ್ಕೆ ಬೇರೆ ನೀರು ಹಾಕದೆ ಗತಿಯಿಲ್ಲ.

ಜುಂಗು ಬಟ್ಟೆ ಮೇಲೆ ಕೂರೋ ಗಳಿಗೆ ಯಾವುದು ಗೊತ್ತಾ? ಒಗೆಯುವಾಗ ಅಲ್ಲ, ನೀರು ಇಳಿಯುವಾಗ. ಒಗೆಯುವಾಗ ಎಳೆಗಳು ತೇಲುತ್ತಾ ಇರುತ್ತವೆ, ನೊರೆಯ ಜೊತೆ ಮೇಲೆ ಬಂದಿರುತ್ತವೆ. ಮಷೀನು ನೀರನ್ನ ಬಿಡೋದು ತಳದಿಂದ. ಮೇಲೆ ತೇಲುತ್ತಿದ್ದದ್ದೆಲ್ಲ ಮೆಲ್ಲಗೆ ಇಳಿದು ಬಟ್ಟೆ ಮೇಲೆ ಹಾಸಿಕೊಳ್ಳುತ್ತೆ. ಅದಾದ ಮೇಲೆ ಸ್ಪಿನ್. ಡ್ರಮ್ ಜೋರಾಗಿ ತಿರುಗಿದಾಗ ನೀರು ಬಟ್ಟೆಯ ನೇಯ್ಗೆಯನ್ನ ತೂರಿಕೊಂಡು ಹೊರಗೆ ಹೋಗುತ್ತೆ, ಎಳೆ ಹೋಗಲ್ಲ. ನಿಮ್ಮ ಪ್ಯಾಂಟೇ ಸೋಸುವ ಬಟ್ಟೆ ಆಯಿತು. ಇದು ಅರ್ಥವಾದರೆ ಮುಂದಿನ ಸೆಟ್ಟಿಂಗ್‌ಗಳು ತಾವಾಗಿ ಅರ್ಥವಾಗುತ್ತವೆ: ನೀರು ಹೆಚ್ಚು, ಬಟ್ಟೆ ಕಡಿಮೆ, ಜಾಲಿಸೋದು ಹೆಚ್ಚು, ನೊರೆ ಕಡಿಮೆ.

ನಿಮ್ಮ 7 ಕೆ.ಜಿ. ಮಷೀನಿಗೆ ಕಪ್ಪು ಬಟ್ಟೆ ಒಂದು ಸಲಕ್ಕೆ 3 ಕೆ.ಜಿ. ದಾಟಿಸಬೇಡಿ. ಒಂದು ಜೀನ್ಸ್ 600ರಿಂದ 800 ಗ್ರಾಂ, ಶರ್ಟು 200ರಿಂದ 250 ಗ್ರಾಂ ಅಂತ ಅಂದಾಜು ಹಾಕಿಕೊಳ್ಳಿ. ಎರಡು ಜೀನ್ಸ್, ನಾಲ್ಕು ಶರ್ಟು, ಒಂದು ಯೂನಿಫಾರ್ಮ್ ಜೊತೆ ಆಯಿತು. ನೀರಿನ ಮಟ್ಟವನ್ನ ಮಷೀನಿಗೇ ಬಿಡಬೇಡಿ. ಫುಲ್ಲಿ ಆಟೊಮ್ಯಾಟಿಕ್ ಮಷೀನು ಒಣ ಬಟ್ಟೆಯನ್ನ ಒಂದೆರಡು ಸಲ ತಿರುಗಿಸಿ, ಮೋಟರಿಗೆ ಎಷ್ಟು ಭಾರ ಬಿತ್ತು ನೋಡಿ ನೀರು ಗೊತ್ತುಮಾಡುತ್ತೆ. ಪಾಲಿಯೆಸ್ಟರ್ ಹಗುರ, ಹಾಗಾಗಿ ಅದು ನೀರು ಕಡಿಮೆ ತುಂಬಿಸುತ್ತೆ, ಸರಿಯಾಗಿ ಕಪ್ಪು ಬಟ್ಟೆಗೇ ಮೋಸ. ಅದು ತೋರಿಸಿದ ಮಟ್ಟಕ್ಕಿಂತ ಒಂದು ಅಥವಾ ಎರಡು ಹೆಜ್ಜೆ ಮೇಲಕ್ಕೆ ಕೈಯಾರೆ ಏರಿಸಿ. ಬಟ್ಟೆ ನೀರಲ್ಲಿ ಮುಳುಗಿ ಈಜುವ ಹಾಗಿರಬೇಕು. ಒಗೆಯೋದು 8 ನಿಮಿಷ ಸಾಕು, ಬೆವರಿನ ಬಟ್ಟೆಗೆ ಅದಕ್ಕಿಂತ ಹೆಚ್ಚು ಬೇಕಿಲ್ಲ. ಹೊರಳಾಟ ಜಾಸ್ತಿಯಾದಷ್ಟೂ ಎಳೆ ಕೀಳುತ್ತೆ. ರಿನ್ಸ್ ಎರಡು ಇದ್ದರೆ ಮೂರು ಮಾಡಿ. ನೀರು ಉಳಿಸುವ ಶವರ್ ರಿನ್ಸ್ ಆಯ್ಕೆ ಇದ್ದರೆ ಕಪ್ಪು ಬಟ್ಟೆ ದಿನ ಅದನ್ನ ಆಫ್ ಮಾಡಿ. ತಿರುಗುತ್ತಿರುವ ಬಟ್ಟೆ ಮೇಲೆ ಮಳೆ ಸುರಿದರೆ ಸೋಪು ಹೋಗಬಹುದು, ಗೋಡೆಗೆ ಒತ್ತಿಕೊಂಡ ಬಟ್ಟೆಯಿಂದ ಜುಂಗು ಏಳಲ್ಲ. ಮೂರನೇ ರಿನ್ಸಿನ ನೀರನ್ನ ಬಕೆಟ್ಟಿಗೆ ಹಿಡಿದು ಬಾತ್‌ರೂಮ್ ತೊಳೆಯೋಕೆ ಇಟ್ಟುಕೊಂಡರೆ ಟ್ಯಾಂಕರ್ ನೀರಿನವರಿಗೂ ಹೊಟ್ಟೆ ಉರಿಯಲ್ಲ.

ಸೆಮಿ ಆಟೊಮ್ಯಾಟಿಕ್‌ನಲ್ಲಿ ಒಂದು ಅನುಕೂಲ ಇದೆ, ಬಳಸುವವರೇ ಕಡಿಮೆ: ಓವರ್‌ಫ್ಲೋ. ಜಾಲಿಸುವಾಗ ನಲ್ಲಿ ಬಿಟ್ಟೇ ಇಟ್ಟರೆ ಟಬ್ಬಿನ ಪಕ್ಕದ ಕಿಂಡಿಯಿಂದ ಮೇಲಿನ ನೀರು ಹೊರಗೆ ಹೋಗುತ್ತೆ, ತೇಲುವ ಜುಂಗು ಮತ್ತು ನೊರೆ ಅದರ ಜೊತೆಗೇ ಹೋಗುತ್ತೆ. ಐದು ನಿಮಿಷ ಸಾಕು. ಜುಂಗಿನ ಮಟ್ಟಿಗೆ ಹೇಳೋದಾದರೆ ಹತ್ತಾರು ಸಾವಿರ ಹೆಚ್ಚು ಕೊಟ್ಟು ತಂದ ಮಷೀನಿಗಿಂತ ಇದೇ ವಾಸಿ.

ಫಿಲ್ಟರ್‌ಗೆ ಬರೋಣ. ನಿಮ್ಮ ಟಾಪ್ ಲೋಡ್ ಡ್ರಮ್ಮಿನ ಒಳಗೋಡೆಯಲ್ಲಿ ಬಲೆ ಇರುವ ಒಂದು ಪ್ಲಾಸ್ಟಿಕ್ ಡಬ್ಬಿ ಇರುತ್ತೆ, ಕೆಲವು ಮಾದರಿಗಳಲ್ಲಿ ಎದುರುಬದುರು ಎರಡು. ತಳದ ಚಕ್ರ ತಿರುಗಿದಾಗ ನೀರು ಗೋಡೆಯ ಹಿಂದಿನ ಕೊಳವೆಯಲ್ಲಿ ಮೇಲಕ್ಕೆ ಹತ್ತಿ ಈ ಬಲೆಯ ಮೂಲಕ ವಾಪಸ್ ಸುರಿಯುತ್ತೆ, ಎಳೆ ಬಲೆಯಲ್ಲಿ ಉಳಿಯುತ್ತೆ. ಬಲೆ ತುಂಬಿದ್ದರೆ ನೀರು ಅದರ ಮೂಲಕ ಹರಿಯೋದೇ ಇಲ್ಲ. ಬಲೆ ಹರಿದಿದ್ದರೆ ಹಿಡಿದದ್ದೆಲ್ಲ ವಾಪಸ್ ಬಟ್ಟೆಗೆ. ಮೇಲಿನ ಕೊಂಡಿಯನ್ನ ಒತ್ತಿ ನಿಮ್ಮ ಕಡೆಗೆ ಎಳೆದರೆ ಡಬ್ಬಿ ಕಳಚಿ ಬರುತ್ತೆ. ಬಿಚ್ಚಿ, ಒಳಗಿನ ಉಂಡೆಯನ್ನ ಕೈಯಲ್ಲಿ ತೆಗೆದು ಕಸಕ್ಕೆ ಹಾಕಿ, ಸಿಂಕಿಗೆ ಬಿಡಬೇಡಿ. ಬಲೆಯನ್ನ ಉಲ್ಟಾ ಮಾಡಿ ನಲ್ಲಿ ಕೆಳಗೆ ಹಿಡಿದು ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿ. ಬಲೆ ಬಿಳಿಚಿಕೊಂಡು ಬಿರುಸಾಗಿದ್ದರೆ ಅದೂ ಸುಣ್ಣವೇ, ಅರ್ಧ ಗಂಟೆ ವಿನೆಗರ್ ನೀರಲ್ಲಿ ನೆನೆಸಿ. ಬೆಳಕಿಗೆ ಎತ್ತಿ ಹಿಡಿದು ತೂತು ಇದೆಯಾ ನೋಡಿ. ಮೂಲೆ ಹೊಲಿಗೆಯಲ್ಲೇ ಮೊದಲು ಹರಿಯೋದು. ತೂತಿದ್ದರೆ ಸೂಜಿದಾರ ಹಿಡಿಯಬೇಡಿ, ಹೊಸದು ತನ್ನಿ. ಮಾದರಿಗೆ ತಕ್ಕಂತೆ ಅಳತೆ ಬೇರೆ, ಹಳೇ ಡಬ್ಬಿಯನ್ನೇ ಅಂಗಡಿಗೆ ಒಯ್ಯೋದು ಮೇಲು. ವಾಪಸ್ ಹಾಕುವಾಗ ಮೊದಲು ಕೆಳಗಿನ ತುದಿ ಕೂರಿಸಿ, ಆಮೇಲೆ ಮೇಲಿನದನ್ನ ಟಕ್ ಅನ್ನೋ ತನಕ ಒತ್ತಿ. ಸರಿಯಾಗಿ ಕೂರದಿದ್ದರೆ ಬಟ್ಟೆ ಸಿಕ್ಕಿ ಹರಿಯುತ್ತೆ. ಎರಡು ಲೋಡ್‌ಗೆ ಒಮ್ಮೆ, ಟವೆಲ್ ಲೋಡ್ ಆದ ಕೂಡಲೇ ತಪ್ಪದೆ ತೊಳೆಯಿರಿ.

ಇಷ್ಟಾದರೂ ಖಾಲಿ ಡ್ರಮ್ಮಿಗೆ ನೀರು ತುಂಬಿಸಿ ತಿರುಗಿಸಿದಾಗ ಎಳೆ, ಕಪ್ಪು ಚೂರು ತೇಲಿದರೆ ಕಸ ತಳದ ಚಕ್ರದ ಅಡಿಯಲ್ಲೂ, ಒಳಡ್ರಮ್ ಹೊರಡ್ರಮ್‌ಗಳ ನಡುವೆಯೂ ಕೂತಿದೆ. ಟಬ್ ಕ್ಲೀನ್ ಪ್ರೋಗ್ರಾಂನಲ್ಲಿ ಡೀಸ್ಕೇಲಿಂಗ್ ಪೌಡರ್ (ಸುಣ್ಣ ಕರಗಿಸುವ ಪುಡಿ) ಹಾಕಿ ಖಾಲಿ ಓಡಿಸಿ. ಗಡಸು ನೀರಿನವರು ತಿಂಗಳಿಗೊಮ್ಮೆ ಮಾಡಿದರೆ ತಪ್ಪಿಲ್ಲ. ಅದಕ್ಕೂ ಬಗ್ಗದಿದ್ದರೆ ಸರ್ವಿಸ್‌ನವರನ್ನ ಕರೆಸಿ ಚಕ್ರ ಬಿಚ್ಚಿಸಿ ತೊಳೆಸಿ. ನಟ್ಟನಡುವಿನ ಸ್ಕ್ರೂ ತುಕ್ಕು ಹಿಡಿದಿದ್ದರೆ ಮನೆಯಲ್ಲಿ ಬಲವಂತ ಮಾಡಬೇಡಿ, ತಲೆ ಸವೆದರೆ ಕೆಲಸ ಎರಡಾಗುತ್ತೆ.

ಫ್ರಂಟ್ ಲೋಡ್ ಇರುವವರಿಗೆ ಒಂದು ಮಾತು. ಅದರಲ್ಲಿ ಇಂಥ ಬಲೆ ಇರಲ್ಲ. ಕೆಳಗೆ ಮೂಲೆಯ ಮುಚ್ಚಳದ ಹಿಂದೆ ಇರೋದು ಪಂಪಿನ ಫಿಲ್ಟರ್. ಅದು ನಾಣ್ಯ, ಗುಂಡಿ, ಪಿನ್ನು ಪಂಪಿಗೆ ಹೋಗದಂತೆ ತಡೆಯೋಕೆ. ಅದು ಕಟ್ಟಿಕೊಂಡರೆ ನೀರು ಪೂರ್ತಿ ಹೊರಗೆ ಹೋಗದೆ ಜುಂಗಿನ ನೀರೇ ಮುಂದಿನ ಸುತ್ತಿಗೂ ಉಳಿಯುತ್ತೆ, ಅಷ್ಟರ ಮಟ್ಟಿಗೆ ಸಂಬಂಧ. ತೊಳೆಯುವಾಗ ಪ್ಲಗ್ ತೆಗೆದು, ಬಿಸಿನೀರಿನ ವಾಷ್ ಆಗಿದ್ದರೆ ಆರಲು ಬಿಟ್ಟು, ತಟ್ಟೆ ಇಟ್ಟು, ಪಕ್ಕದ ಸಣ್ಣ ಪೈಪಿನಿಂದ ನೀರು ಖಾಲಿ ಮಾಡಿ, ಆಮೇಲೆ ಎಡಕ್ಕೆ ನಿಧಾನ ತಿರುಗಿಸಿ. ಬಾಗಿಲಿನ ರಬ್ಬರ್ ಮಡಿಕೆಯಲ್ಲಿ ಬೆರಳಾಡಿಸಿದರೆ ಒದ್ದೆ ಜುಂಗಿನ ಬತ್ತಿಯೇ ಸಿಗುತ್ತೆ, ಅದನ್ನ ಪ್ರತಿ ವಾರ ಒರೆಸಿ. ನೀರು ಹೆಚ್ಚಿಸುವ ಗುಂಡಿ ಬಹಳ ಫ್ರಂಟ್ ಲೋಡ್‌ಗಳಲ್ಲಿ ಇರಲ್ಲ, ಇರೋ ದಾರಿ ಎಕ್ಸ್‌ಟ್ರಾ ರಿನ್ಸ್ ಮತ್ತು ಕಡಿಮೆ ಬಟ್ಟೆ. ಆನ್‌ಲೈನ್‌ನಲ್ಲಿ ಸಿಗುವ ತೇಲುವ ಬಲೆ ಚೀಲ ಫ್ರಂಟ್ ಲೋಡ್‌ಗೆ ತರಬೇಡಿ. ತೇಲೋಕೆ ಅಲ್ಲಿ ನೀರೇ ಇಲ್ಲ. ಟಾಪ್ ಲೋಡ್‌ನಲ್ಲಿ ಅದು ಒಂದಷ್ಟು ಹಿಡಿಯುತ್ತೆ, ಫಿಲ್ಟರ್ ಹರಿದಾಗ ಹೊಸದು ಬರೋ ತನಕ ನಡೆಯುತ್ತೆ.

ಬಟ್ಟೆ ಹಾಕುವ ಮುಂಚೆ ಎರಡು ಕೆಲಸ. ಎಲ್ಲವನ್ನೂ ಉಲ್ಟಾ ಮಾಡಿ, ಅಂಟುವ ಎಳೆ ಒಳಮೈಗೆ ಅಂಟಲಿ. ಜೇಬು ತಡಕಿ, ಟಿಶ್ಯೂ, ಬಸ್ ಟಿಕೆಟ್, ಎಟಿಎಂ ಚೀಟಿ. ಯೂನಿಫಾರ್ಮ್ ಜೇಬಿನಲ್ಲಿ ಟಿಶ್ಯೂ ಒಂದು ಉಳಿದರೂ ಇಡೀ ಲೋಡ್ ಹಾಳು. ಹಾಗೇನಾದರೂ ಆದರೆ ಕೂಡಲೇ ಇನ್ನೊಮ್ಮೆ ಒಗೆಯೋಕೆ ಹೋಗಬೇಡಿ, ಕಾಗದ ಇನ್ನೂ ಸಣ್ಣದಾಗಿ ನೇಯ್ಗೆಯೊಳಗೆ ಸೇರುತ್ತೆ. ಹಾಗೇ ಒಣಗಿಸಿ, ಬಾಲ್ಕನಿಯಲ್ಲಿ ಜೋರಾಗಿ ಕೊಡವಿ. ಒಣಗಿದ ಕಾಗದ ಸುಲಭವಾಗಿ ಉದುರುತ್ತೆ.

ಅಂಟಿರುವ ಜುಂಗನ್ನ ತೆಗೆಯೋಕೂ ಇದೇ ನಿಯಮ. ಒದ್ದೆ ಬಟ್ಟೆಯಿಂದ ಕೀಳೋಕೆ ಹೋದರೆ ಎಳೆ ಜಾಗ ಬದಲಾಯಿಸುತ್ತೆ ಅಷ್ಟೆ. ಪೂರ್ತಿ ಒಣಗಲಿ. ಎರಡು ತುದಿ ಹಿಡಿದು ಕೊಡವಿ, ಆಮೇಲೆ ಮೇಜಿನ ಮೇಲೆ ಹರಡಿ ರೋಲರ್ ಉರುಳಿಸಿ. ರೋಲರ್ ಇಲ್ಲದಿದ್ದರೆ ಪ್ಯಾಕಿಂಗ್ ಟೇಪನ್ನ ಅಂಟು ಹೊರಗೆ ಬರುವಂತೆ ಅಂಗೈಗೆ ಸುತ್ತಿಕೊಂಡು ಒತ್ತಿ ಒತ್ತಿ ಎತ್ತಿ, ಉಜ್ಜಬೇಡಿ. ಇಡೀ ಪ್ಯಾಂಟಿಗೆ ಟೇಪು ದುಬಾರಿ ಅನಿಸಿದರೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿ, ನೀರಲ್ಲಿ ಅದ್ದಿ ಚೆನ್ನಾಗಿ ಕೊಡವಿ, ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಸವರಿ. ಎಳೆಗಳು ಸುರುಳಿಯಾಗಿ ಪ್ಯಾಂಟಿನ ಕಾಲಂಚಿಗೆ ಬಂದು ನಿಲ್ಲುತ್ತವೆ, ಚಿಮಟಿ ತೆಗೆದರಾಯಿತು. ನನ್ನ ಪ್ರಕಾರ ರೋಲರ್‌ಗಿಂತ ಇದೇ ಬೇಗ. ಗುಂಡುಕಾಳು ಕತ್ತರಿಸುವ ಬ್ಯಾಟರಿ ಶೇವರ್ ಜುಂಗಿಗೆ ಬೇಡ, ತೆಳು ವಿಸ್ಕೋಸ್ ಲೆಗಿಂಗ್ಸ್‌ಗೆ ತೂತು ಬೀಳುತ್ತೆ.

ತೀರಾ ಹೆಚ್ಚಿದ್ದರೆ, ಕೊಡವಿದ ಮೇಲೂ ಜುಂಗು ಉಳಿದ ಬಟ್ಟೆಗೆ ಡಿಟರ್ಜೆಂಟ್ ಇಲ್ಲದೆ, ನೀರಿನ ಮಟ್ಟ ಏರಿಸಿ ಬರೀ ರಿನ್ಸ್ ಓಡಿಸಿ. ಕೊನೆಯ ನೀರಿಗೆ 100 ಮಿ.ಲೀ. ಬಿಳಿ ವಿನೆಗರನ್ನ ಒಂದು ಚೊಂಬು ನೀರಲ್ಲಿ ಬೆರೆಸಿ ಹಾಕಬಹುದು, ಸುಣ್ಣ ಬಿಡಿಸಿ ಎಳೆಯನ್ನ ಸಡಿಲ ಮಾಡುತ್ತೆ. ಪ್ರತಿ ಸಲ ಬೇಡ, ಮಷೀನಿನ ರಬ್ಬರಿಗೆ ಹುಳಿ ಒಳ್ಳೆಯದಲ್ಲ. ಬ್ಲೀಚ್ ಇರುವ ನೀರಿಗಂತೂ ಯಾವತ್ತೂ ವಿನೆಗರ್ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತೆ. ವಿನೆಗರ್ ಬದಲು ಫ್ಯಾಬ್ರಿಕ್ ಕಂಡೀಷನರ್ ಹಾಕಿದರೆ ಪಾಲಿಯೆಸ್ಟರಿನ ಸ್ಥಿರವಿದ್ಯುತ್ ತಗ್ಗಿ, ಒಣಗಿದ ಮೇಲೆ ಎಳೆ ಅಂಟೋದು ಕಡಿಮೆಯಾಗುತ್ತೆ. ಜನವರಿಯಿಂದ ಮಾರ್ಚ್ ತನಕದ ಒಣ ಹವೆಯಲ್ಲಿ ಇದರಿಂದ ಉಪಯೋಗ ಇದೆ. ಮುಚ್ಚಳದ ಅಳತೆ ಮೀರಿಸಬೇಡಿ, ಮೊದಲು ಹೇಳಿದ ಆ ಮೇಣದಂಥ ಚೂರು ಹುಟ್ಟೋಕೆ ಇದರ ಅತಿಯೂ ಒಂದು ಕಾರಣ. ಟವೆಲ್ಲಿಗೆ ಮಾತ್ರ ಹಾಕಲೇಬೇಡಿ, ನೀರು ಹೀರೋದು ಬಿಡುತ್ತೆ.

ನವೆಂಬರ್‌ನಿಂದ ಅಯ್ಯಪ್ಪ ಮಾಲೆ ಹಾಕುವವರ ಮನೆಯಲ್ಲಿ ಈ ಪ್ರಶ್ನೆ ಜಾಸ್ತಿ. ಹೊಸ ಕಪ್ಪು ಪಂಚೆ, ಅಂಗಿ ದಿನವೂ ಒಗೆಯಬೇಕು, ಜೊತೆಗೆ ಅದೇ ಬಕೆಟ್ಟಿಗೆ ಟವೆಲ್ಲು. ಕಪ್ಪು ಬಣ್ಣ ಟವೆಲ್ಲಿಗೆ, ಟವೆಲ್ಲಿನ ಎಳೆ ಪಂಚೆಗೆ. ಎರಡು ಬಕೆಟ್ ಇಟ್ಟರೆ ಎರಡೂ ತಪ್ಪುತ್ತೆ. ಕಾಟನ್ ಪಂಚೆಯನ್ನ ಕಲ್ಲಿಗೆ ಬಡಿಯದೆ ಕೈಯಲ್ಲೇ ಹಿಸುಕಿ ಜಾಲಿಸಿ. ಬಡಿದರೆ ನೂಲು ಒಡೆದು ತಾನೇ ಜುಂಗು ಬಿಡೋಕೆ ಶುರುಮಾಡುತ್ತೆ.

ಪಿಜಿ, ಹಾಸ್ಟೆಲ್‌ಗಳ ಸಾಮಾನ್ಯ ಮಷೀನ್ ಬಳಸುವವರು ಮೊದಲು ಫಿಲ್ಟರ್ ನೋಡಿ, ಖಾಲಿ ರಿನ್ಸ್ ಒಂದು ಓಡಿಸಿ ಆಮೇಲೆ ಬಟ್ಟೆ ಹಾಕಿ. ಇಲ್ಲದಿದ್ದರೆ ಕಪ್ಪು ಬಟ್ಟೆಯನ್ನ ಸಣ್ಣ ರಂಧ್ರದ ಜಿಪ್ ಚೀಲದಲ್ಲಿ ಹಾಕಿ, ಪೂರ್ತಿ ತಡೆಯದಿದ್ದರೂ ಕಡಿಮೆ ಮಾಡುತ್ತೆ. ಹೊರದೇಶದಲ್ಲಿ ಡ್ರೈಯರ್ ಇಟ್ಟುಕೊಂಡವರಿಗೆ ಕಷ್ಟ ಕಡಿಮೆ, ಬಿಸಿಗಾಳಿಯೇ ಎಳೆ ಎತ್ತಿ ಜಾಲರಿಗೆ ಹಾಕುತ್ತೆ. ಆ ಜಾಲರಿಯನ್ನ ಪ್ರತಿ ಲೋಡ್‌ಗೂ ಖಾಲಿ ಮಾಡಲೇಬೇಕು, ಅಲ್ಲಿ ಸೇರಿದ ಜುಂಗಿಗೆ ಬೆಂಕಿ ಹತ್ತೋ ಅಪಾಯ ಇದೆ.

ಒಣಹಾಕುವಾಗ ಮಷೀನ್ ನಿಂತ ಕೂಡಲೇ ತೆಗೆದು, ಒಂದೊಂದನ್ನೂ ಕೊಡವಿ, ಉಲ್ಟಾ ಇರುವಂತೆಯೇ ನೆರಳಿನಲ್ಲಿ ಹಾಕಿ, ಟವೆಲ್ಲಿನ ಪಕ್ಕ ಬೇಡ. ಇಸ್ತ್ರಿಗೆ ಮುಂಚೆ ಜುಂಗು ತೆಗೆದಿರಬೇಕು. ಇನ್ನೊಂದು ವಿಷಯ, ಬಹಳ ಮನೆಗಳಲ್ಲಿ ಇಸ್ತ್ರಿ ಹಾಕೋದು ಮಡಿಚಿದ ಕಂಬಳಿಯ ಮೇಲೆ, ಇಲ್ಲವೇ ಹಳೇ ಬಿಳಿ ಬೆಡ್‌ಶೀಟ್ ಮೇಲೆ. ಮಷೀನಿನಿಂದ ಸ್ವಚ್ಛವಾಗಿ ಬಂದ ಕಪ್ಪು ಪ್ಯಾಂಟಿಗೆ ಅಲ್ಲಿ ಮತ್ತೆ ಜುಂಗು ಅಂಟುತ್ತೆ, ಬೈಗುಳ ಮಾತ್ರ ಮಷೀನಿಗೆ. ಆ ಕಂಬಳಿಯ ಮೇಲೆ ಹಳೇ ಕಡುಬಣ್ಣದ, ಚೆನ್ನಾಗಿ ಒಗೆದು ಸವೆದ ತೆಳು ಕಾಟನ್ ಸೀರೆಯೋ ಲುಂಗಿಯೋ ಹಾಸಿಕೊಳ್ಳಿ.

ಮುಂದೆ ಕಪ್ಪು ಟೀ ಶರ್ಟ್ ಕೊಳ್ಳುವಾಗ ಚೀಟಿಯಲ್ಲಿ ಕೋಂಬ್ಡ್ ಕಾಟನ್ (combed cotton), ಬಯೋ ವಾಷ್ (bio wash) ಅಂತ ಇದೆಯಾ ನೋಡಿ. ಮೊದಲನೆಯದರಲ್ಲಿ ಗಿಡ್ಡ ಎಳೆಗಳನ್ನ ನೂಲು ತೆಗೆಯುವ ಮುಂಚೆಯೇ ಬಾಚಿ ಬೇರ್ಪಡಿಸಿರುತ್ತಾರೆ. ಎರಡನೆಯದರಲ್ಲಿ ಸೆಲ್ಯುಲೇಸ್ ಎಂಬ ಕಿಣ್ವ ಹಾಕಿ ಮೇಲ್ಮೈಯ ನವಿರು ಎಳೆಗಳನ್ನ ಕರಗಿಸಿರುತ್ತಾರೆ. ನಿಮ್ಮ ಸದ್ಯದ ತೊಂದರೆಗೆ ಅಷ್ಟು ದೂರ ಹೋಗಬೇಕಿಲ್ಲ. ಈ ವಾರ ಫಿಲ್ಟರ್ ಬಿಚ್ಚಿ ತೊಳೆಯಿರಿ, ಯೂನಿಫಾರ್ಮ್ ಮತ್ತು ಪ್ಯಾಂಟು ಮಾತ್ರ ಮೊದಲ ಲೋಡ್‌ಗೆ ಹಾಕಿ ನೀರಿನ ಮಟ್ಟ ಏರಿಸಿ. ಆಗಲೂ ಅಷ್ಟೇ ಜುಂಗು ಬಂದರೆ ಬಲೆಯ ಫೋಟೋ ಮತ್ತು ಮಷೀನಿನ ಮಾದರಿ ಸಂಖ್ಯೆ ಕಾಮೆಂಟಿನಲ್ಲಿ ಹಾಕಿ, ಚಕ್ರದ ಅಡಿ ನೋಡಿಸಬೇಕಾ ಅಂತ ಹೇಳ್ತೀನಿ.